ಸೂಜಿ ಯಜಮಾನರು

ನಾನು ಯಾರ ಮಾತನ್ನೂ ಸುಲಭಕ್ಕೆ ಒಪ್ಪುವವನಲ್ಲ. ಇದನ್ನು ನನ್ನ ಹೆಂಡತಿ ಮಕ್ಕಳು ದೂರಿನ ಹಾಗೆ ಹೇಳುತ್ತಾರೆ, ನಾನು ಒಪ್ಪಿಕೊಳ್ಳುತ್ತೇನೆ. ನಾನು ಒಪ್ಪುವುದು ಅದೊಂದನ್ನೇ. ಇಂಥ ನನ್ನನ್ನು ನೌಕರಿಯ ಮೊದಲ ಆರು ವರ್ಷ, ಎಲ್ಲರ ಎಲ್ಲ ಮಾತನ್ನೂ ಒಪ್ಪುವ ಒಬ್ಬ ಮನುಷ್ಯನ ಜೊತೆಗೆ ಹಾಕಿದ್ದರು. ಹೋದ ತಿಂಗಳು ಅವರು ತೀರಿಕೊಂಡರೆಂದು ಹೊಸದುರ್ಗದಿಂದ ಅವರ ಅಳಿಯ ಬರೆದ ಕಾರ್ಡು ಬಂತು. ಓದಿ ದುಃಖವಾಯಿತು. ಐದು ನಿಮಿಷ ಕಳೆಯುವುದರೊಳಗೆ ನಗುವೂ ಬಂತು. ಅದನ್ನು ಕಂಡು ನನ್ನ ಹೆಂಡತಿ, ಹೋದವರು ಯಾರು ಎಂದು ಅನುಮಾನದಿಂದ ಕೇಳಿದಳು.

ಅವರ ಹೆಸರನ್ನು ಇಲ್ಲಿ ಬರೆಯುವಂತಿಲ್ಲ. ಕಾರಣವನ್ನು ಆಮೇಲೆ ಹೇಳುತ್ತೇನೆ. ಹಿರಿಯೂರು ತಾಲ್ಲೂಕಿನ ಹಳ್ಳಿಗಳಲ್ಲಿ ಅವರನ್ನು ಸೂಜಿ ಯಜಮಾನರು ಎನ್ನುತ್ತಿದ್ದರು, ನಾನೂ ಹಾಗೇ ಅನ್ನುತ್ತೇನೆ. ಸರ್ಕಾರದ ಕಾಗದದಲ್ಲಿ ಅವರು ವ್ಯಾಕ್ಸಿನೇಟರ್. ನಾನು ಆಗತಾನೇ ತರಬೇತಿ ಮುಗಿಸಿ, ಹೊಸ ಷೂ ಹಾಕಿಕೊಂಡು ಬಂದಿದ್ದ ಹೆಲ್ತ್ ಇನ್‌ಸ್ಪೆಕ್ಟರ್. ಅಂದರೆ ಕಾಗದದ ಮೇಲೆ ನಾನು ಅವರ ಮೇಲಧಿಕಾರಿ. ಇದನ್ನು ಅವರು ಮೊದಲ ದಿನವೇ ಒಪ್ಪಿಕೊಂಡರು. "ನೀವು ಹೇಳಿದಂಗೆ ಸಾರ್" ಎಂದರು. ಆಮೇಲೆ ಆರು ವರ್ಷ ನಾನು ಹೇಳಿದ ಹಾಗೆ ಅವರು ಏನನ್ನೂ ಮಾಡಲಿಲ್ಲ.

ಎಪ್ಪತ್ತರ ದಶಕದ ಮೊದಲ ವರ್ಷಗಳು. ಕಾಲರಾ ದೇಶದಿಂದ ದೇಶಕ್ಕೆ ಹಬ್ಬುತ್ತಿದೆಯೆಂದು ಸರ್ಕ್ಯುಲರ್ ಮೇಲೆ ಸರ್ಕ್ಯುಲರ್ ಬರುತ್ತಿದ್ದವು. ಬಾವಿಗಳಿಗೆ ಬ್ಲೀಚಿಂಗ್ ಪೌಡರ್ ಹಾಕಿಸುವುದು ನನ್ನ ಕೆಲಸ, ಜನರ ತೋಳಿಗೆ ಸೂಜಿ ಹಾಕುವುದು ಅವರ ಕೆಲಸ. ಎರಡನ್ನೂ ಜನ ಬೇಡ ಅನ್ನುತ್ತಿದ್ದರು. ಪೌಡರಿನಿಂದ ನೀರು ನಾರುತ್ತದೆ, ಬೇಳೆ ಬೇಯುವುದಿಲ್ಲ. ಸೂಜಿಯಿಂದ ತೋಳು ಊದುತ್ತದೆ, ಒಂದು ದಿನ ಜ್ವರ ಬರುತ್ತದೆ. ನಾನು ಪೌಡರನ್ನು ಯಾರನ್ನೂ ಕೇಳದೆ ಸುರಿದು ಓಡಿ ಬರುತ್ತಿದ್ದೆ. ತೋಳನ್ನು ಹಾಗೆ ಮಾಡಲು ಬರುವುದಿಲ್ಲ, ಅದರ ಜೊತೆಗೆ ಮನುಷ್ಯ ಇರುತ್ತಾನೆ.

ಅವರು ಹಳ್ಳಿಗೆ ಹೋದರೆ ಮೊದಲು ಕಟ್ಟೆಯ ಮೇಲೆ ಕೂತು ಚಪ್ಪಲಿ ಬಿಚ್ಚುವರು. ಖಾಕಿ ಚೀಲವನ್ನು ಬೆನ್ನ ಹಿಂದೆ, ಬೇರೆ ಯಾರದೋ ಚೀಲ ಎನ್ನುವ ಹಾಗೆ ಇಡುವರು. ಎಲೆ ಅಡಿಕೆ ಹಾಕಿಕೊಂಡು ಶೇಂಗಾ ಹೇಗಿದೆ, ಎತ್ತಿನ ಕಾಲು ವಾಸಿಯಾಯಿತಾ, ಮಗಳು ಬಾಣಂತನಕ್ಕೆ ಬಂದಳಾ ಎಂದು ಮಾತಿಗೆ ಕೂರುವರು. ಸೂಜಿಯ ಸುದ್ದಿಯೇ ಇಲ್ಲ. ನಾನು ಗಡಿಯಾರ ನೋಡಿಕೊಂಡು ಒದ್ದಾಡುತ್ತಿದ್ದೆ. ಕೊನೆಗೆ ಊರವರಿಗೇ ತಡೆಯಲಾಗದೆ ಒಬ್ಬ ಕೇಳುವನು:

"ಅಲ್ರಿ ಯಜಮಾನ್ರೇ, ನೀವು ಬಂದಿದ್ದು ಸೂಜಿ ಹಾಕಾಕಲ್ಲೇನ್ರಿ?"

"ಹೂಂ ಕಣಪ್ಪ. ಅದಕ್ಕೇ ಬಂದಿದ್ದು."

"ನಾವು ಹಾಕಿಸ್ಕಣಲ್ಲ. ಕಾಯ್ಲೆ ಇಲ್ದೋರಿಗೆ ಜ್ವರ ಬರ್ಸೋದು ಯಾವ ಸೀಮೆ ಔಷ್ದಿ?"

ಅವರು ಗಲ್ಲವನ್ನು ಅಂಗೈ ಮೇಲಿಟ್ಟುಕೊಂಡು ಪೂರ್ತಿ ಕೇಳುವರು. ಮಧ್ಯೆ ಬಾಯಿ ಹಾಕುತ್ತಿರಲಿಲ್ಲ. ಆಮೇಲೆ ತಲೆದೂಗಿ, "ನೀನು ಹೇಳಾದೂ ಒಂದ್ ಲೆಕ್ಕಕ್ಕೆ ಸರಿ ಐತೆ" ಎನ್ನುವರು. ಇದನ್ನು ಅವರು ಎಷ್ಟು ನಿಜವಾಗಿ ಹೇಳುತ್ತಿದ್ದರೆಂದರೆ, ಪಕ್ಕದಲ್ಲಿದ್ದ ನನಗೇ ನಾವು ಮಾಡುತ್ತಿರುವುದು ತಪ್ಪೇನೋ ಎನಿಸುತ್ತಿತ್ತು. ಜಗಳಕ್ಕೆ ತೋಳೇರಿಸಿ ಬಂದವನಿಗೆ ಜಗಳ ಸಿಗುತ್ತಿರಲಿಲ್ಲ. ಏರಿಸಿದ ತೋಳು ಮಾತ್ರ ಹಾಗೇ ಇರುತ್ತಿತ್ತು.

"ಜ್ವರ ಬರ್ತೈತೆ, ಸುಳ್ಳಲ್ಲ. ಒಂದಿನ ಮಲಗ್ಬೇಕು. ಯಾವತ್ತು ಮಲಗಿದ್ರೆ ನಿಂಗೆ ಅನುಕೂಲ?"

ಆ ಮನುಷ್ಯ ಯೋಚಿಸುವನು. ಸೋಮವಾರ ಎತ್ತು ಹೂಡುವುದಿಲ್ಲ, ಹೇಗೂ ಬಿಡುವು ಎನ್ನುವನು. ಸೋಮವಾರ ಮಲಗಬೇಕಾದರೆ ಭಾನುವಾರ ಸೂಜಿ ಬೀಳಬೇಕು ಎಂದು ಇಬ್ಬರೂ ಸೇರಿ ಲೆಕ್ಕ ಹಾಕುವರು. ಯಲ್ಲದಕೆರೆಯ ಒಬ್ಬಾಕೆ, ತನ್ನ ಅತ್ತೆಯ ಕಡೆಯವರು ನೆಂಟರಾಗಿ ಬರುವ ದಿನ ಸರಿಯಾಗಿ ಜ್ವರ ಬರುವ ಹಾಗೆ ಸೂಜಿ ಹಾಕಿಸಿಕೊಂಡಿದ್ದು ನನಗೆ ಗೊತ್ತು. ಅವಳ ಓರಗಿತ್ತಿಯೂ ಅದೇ ದಿನ ಬೇಕೆಂದು ಹಟ ಹಿಡಿದು, ಅಂದು ನೆಂಟರಿಗೆ ಮಾವನೇ ಉಪ್ಪಿಟ್ಟು ಕೆದಕಬೇಕಾಯಿತಂತೆ.

ಇಷ್ಟಾದ ಮೇಲೂ ಅವರು ಚೀಲಕ್ಕೆ ಕೈ ಹಾಕುತ್ತಿರಲಿಲ್ಲ. "ಹಾಕ್ಲಾ? ಬ್ಯಾಡ ಅಂದ್ರೆ ಬ್ಯಾಡ" ಎಂದು ಕೇಳುವರು. ಎದುರಿನವನು ಬಾಯಿ ಬಿಟ್ಟು ಹೂಂ ಅನ್ನಬೇಕು. ತಲೆಯಾಡಿಸಿದರೂ ಸಾಲದು. ಹೂಂ ಎಂದ ಮೇಲೆಯೇ ಸ್ಟೌವ್ ಹಚ್ಚಿ, ಅಲ್ಯುಮಿನಿಯಂ ಬೋಗುಣಿಯಲ್ಲಿ ಗಾಜಿನ ಸಿರಿಂಜು ಕುದಿಸಲು ಇಡುತ್ತಿದ್ದರು.

"ಮೊದ್ಲೇ ಕುದಿಸಿಟ್ಕಂಡ್ರೆ ಟೈಮ್ ಉಳಿಯುತ್ತಲ್ಲ" ಎಂದು ನಾನೊಮ್ಮೆ ಸಿಡುಕಿದೆ.

"ನೀವು ಹೇಳೋದೂ ಸರಿ ಐತೆ ಸಾರ್. ಆದ್ರೆ ಕೇಳೋಕೆ ಮುಂಚೆ ನೀರು ಕುದೀತಿದ್ರೆ, ನಾವು ಕೇಳಿದ್ದು ಸುಳ್ಳು ಅಂತ ಗೊತ್ತಾಗ್ಬಿಡ್ತೈತೆ."

ಒಮ್ಮೆ ಒಬ್ಬ ರೈತ ನಮ್ಮನ್ನು ದೂರದಿಂದ ಕಂಡವನೇ ಮನೆಯ ಮುಂದಿನ ಹಗೇವಿನೊಳಗೆ ಇಳಿದುಬಿಟ್ಟ. ಹಗೇವೆಂದರೆ ಕಾಳು ತುಂಬಿಡುವ ನೆಲದ ಕೆಳಗಿನ ಗುಂಡಿ. ಖಾಲಿ ಮಾಡಿ ಗಾಳಿಯಾಡಲು ಬಾಯಿ ತೆಗೆದಿಟ್ಟಿದ್ದರು. ಯಜಮಾನರು ಅದರ ಬಾಯಲ್ಲಿ ಕೂತು, ಒಳಗಿನ ಕತ್ತಲೆಗೆ ರಾಗಿಗೆ ಹುಳು ಬೀಳದ ಹಾಗೆ ಏನು ಮಾಡುತ್ತೀಯೆಂದು ಕೇಳಿದರು. ಒಳಗಿನಿಂದ ಉತ್ತರ ಬಂತು. ಇವರು ಮತ್ತೊಂದು ಕೇಳಿದರು. ಹೀಗೆ ಮುಕ್ಕಾಲು ಗಂಟೆ, ಮೇಲೊಬ್ಬರು ಕೆಳಗೊಬ್ಬರು ರಾಗಿಯ ಮೇಲೆ ಮಾತಾಡಿದರು. ಕೊನೆಗೆ, "ಹಾಕ್ಲೇನಪ್ಪ? ಬ್ಯಾಡ ಅಂದ್ರೆ ಬ್ಯಾಡ, ನಾವು ಹೋಗ್ತೀವಿ, ನೀನು ಮೇಲಕ್ ಬಾ, ಉಸಿರು ಕಟ್ಟೀತು" ಎಂದರು. ಸ್ವಲ್ಪ ಹೊತ್ತಾದ ಮೇಲೆ ಗುಂಡಿಯಿಂದ ಒಂದು ಕೈ ಮಾತ್ರ ಮೇಲೆ ಬಂತು. ಸೂಜಿ ಹಾಕಿಸಿಕೊಂಡು ಮತ್ತೆ ಒಳಗೆ ಹೋಯಿತು. ಆ ರೈತನ ಮುಖವನ್ನು ನಾನು ಇವತ್ತಿಗೂ ನೋಡಿಲ್ಲ.

ನನ್ನ ದಾರಿ ಬೇರೆಯಿತ್ತು. ನನಗೆ ವಿಜ್ಞಾನದ ಹುಚ್ಚು. ಧರ್ಮಪುರದಾಚೆ, ಆಂಧ್ರದ ಗಡಿಗೆ ಅಂಟಿಕೊಂಡ ಒಂದು ಹಳ್ಳಿಯಲ್ಲಿ ನಾನು ಜನರನ್ನೆಲ್ಲ ಸೇರಿಸಿ ಭಾಷಣ ಮಾಡಿದೆ. (ಆ ಊರಿನ ಹೆಸರೂ ಬೇಡ, ಈಗ ಅಲ್ಲಿ ನನಗೆ ಬೀಗರಿದ್ದಾರೆ.) ನಿಮ್ಮ ಬಾವಿಯ ಒಂದು ಹನಿ ನೀರಿನಲ್ಲಿ ಸಾವಿರಾರು ಕ್ರಿಮಿಗಳಿರಬಹುದು ಎಂದು ಬೆರಳೆತ್ತಿ ಹೇಳಿದೆ. ಮುಂದಿನ ಸಾಲಿನಲ್ಲಿ ಒಬ್ಬ ಮುದುಕಿ ಕೂತಿದ್ದಳು. ತಿಪ್ಪಮ್ಮ, ಊರಿನ ಸೂಲಗಿತ್ತಿ. ಆ ಊರಿನಲ್ಲಿ ನಲವತ್ತು ವರ್ಷದ ಒಳಗಿನವರೆಲ್ಲ ಅವಳ ಕೈಯಲ್ಲೇ ಹುಟ್ಟಿದವರು, ಆದ್ದರಿಂದ ಯಾರೂ ಅವಳಿಗೆ ಎದುರಾಡುತ್ತಿರಲಿಲ್ಲ. ಭಾಷಣ ಮುಗಿಸಿ, ಗಂಟಲೊಣಗಿ, ಕುಡಿಯಲು ನೀರು ಕೇಳಿದೆ.

"ಬ್ಯಾಡಪ್ಪ" ಎಂದಳು ತಿಪ್ಪಮ್ಮ. "ನಮ್ಮ ಬಾವಿ ನೀರಾಗೆ ಹುಳ ಅವೆ ಅಂದಲ್ಲ. ನಾವಾದ್ರೆ ಕುಡುದು ಅಭ್ಯಾಸ. ನೀನು ಓದ್ದೋನು, ನಿಂಗ್ಯಾಕೆ."

ಎರಡು ದಿನ ಆ ಊರಿನಲ್ಲಿ ನನಗೆ ಯಾರೂ ಒಂದು ಲೋಟ ನೀರು ಕೊಡಲಿಲ್ಲ. ಯಜಮಾನರಿಗೆ ಮಜ್ಜಿಗೆ ಬರುತ್ತಿತ್ತು.

ಆ ವರ್ಷವೇ ಆ ಊರಿಗೆ ಕಂಟಕ ಬಂದದ್ದು. ಹಳ್ಳದಾಚೆ, ಎರಡು ಮೈಲಿ ದೂರದ ಆಂಧ್ರದ ಹಳ್ಳಿಯಲ್ಲಿ ವಾಂತಿಭೇದಿ ಶುರುವಾಯಿತು. ಎರಡು ಮನೆಯವರನ್ನು ಗಾಡಿಯಲ್ಲಿ ಮಲಗಿಸಿಕೊಂಡು ಆಸ್ಪತ್ರೆಗೆ ಹೋದರು. ಒಂದು ಮಗು ದಾರಿಯಲ್ಲೇ ಹೋಯಿತು. ಎರಡೂ ಊರಿನ ದನ ಮೇಯುವುದು ಒಂದೇ ಹಳ್ಳದಲ್ಲಿ, ಎರಡೂ ಊರಿಗೆ ಕೊಟ್ಟು ತಂದ ಸಂಬಂಧ. ಈಚೆಗೆ ಬರಲು ಅದಕ್ಕೆ ವಾರವೂ ಬೇಡ. ನಾವಿಬ್ಬರೂ ಹೋಗಿ ಶಾಲೆಯಲ್ಲೇ ಠಿಕಾಣಿ ಹೂಡಿದೆವು.

ತಿಪ್ಪಮ್ಮ ಅಷ್ಟರಲ್ಲಿ ತನ್ನ ಕೆಲಸ ಶುರು ಮಾಡಿದ್ದಳು. ಒಂದು ಚಿಕ್ಕ ಮರದ ಗಾಡಿ ಮಾಡಿಸಿ, ಅದರಲ್ಲಿ ಮಾರಮ್ಮನನ್ನು ಕೂರಿಸಿ, ಅರಿಸಿನ ಕುಂಕುಮ ಬೇವಿನಸೊಪ್ಪು ಇಟ್ಟು, ಊರವರನ್ನೆಲ್ಲ ಕಟ್ಟಿಕೊಂಡು ಹೋಗಿ ಹಳ್ಳದಾಚೆ ಬಿಟ್ಟು ಬಂದಳು. ಅಮ್ಮನನ್ನು ಗಡಿ ದಾಟಿಸಿದರೆ ಊರು ಉಳಿಯುತ್ತದೆಂಬುದು ಅಲ್ಲಿಯ ಪದ್ಧತಿ. ಮಾರನೇ ದಿನ ಬೆಳಗ್ಗೆ ನೋಡಿದರೆ ಗಾಡಿ ಮತ್ತೆ ಈಚೆ ದಡದಲ್ಲಿತ್ತು. ಆಂಧ್ರದವರು ಅಮ್ಮನಿಗೆ ಹೊಸ ರವಿಕೆಬಟ್ಟೆ ಉಡಿಸಿ ವಾಪಸು ಕಳಿಸಿದ್ದರು. ಇವರು ಒಂದು ತೆಂಗಿನಕಾಯಿ ಸೇರಿಸಿ ಮತ್ತೆ ದಾಟಿಸಿದರು. ಮೂರು ದಿನ ಹೀಗೇ ನಡೆದು, ಅಮ್ಮನ ಆಸ್ತಿ ಬೆಳೆಯುತ್ತ ಹೋಯಿತು. ನಗಬೇಡ ಎಂದು ನನಗೆ ನಾನೇ ಹೇಳಿಕೊಂಡೆ. ನಮ್ಮ ಆಫೀಸಿನಿಂದ ಆಚೆಯವರ ಆಫೀಸಿಗೆ ಹೋದ ಕಾಗದಗಳೂ ಹೀಗೇ ವಾಪಸಾಗುತ್ತಿದ್ದವು, ರವಿಕೆಬಟ್ಟೆ ಮಾತ್ರ ಇರುತ್ತಿರಲಿಲ್ಲ.

ಯಜಮಾನರು ಅವಳ ಮನೆಯ ಜಗುಲಿಯ ಮೇಲೆ ಎರಡು ದಿನ ಕೂತರು. ತಿಪ್ಪಮ್ಮ ಹೇಳಿದ್ದನ್ನೆಲ್ಲ ಒಪ್ಪಿದರು. ಅಮ್ಮನಿಗೆ ಸಿಟ್ಟು ಬಂದಿರುವುದು ನಿಜ. ಸೂಜಿ ಹಾಕಿಸಿಕೊಂಡವರೂ ಕೆಲವು ಸಲ ಕಾಯಿಲೆ ಬಿದ್ದು ಮಲಗುವುದು ನಿಜ. ಸರ್ಕಾರ ನೀರಿಗೆ ನಲ್ಲಿ ಹಾಕಿಸದೆ ಸೂಜಿ ಹಿಡಿದು ಬರುವುದೂ ನಿಜ. ಇದನ್ನಂತೂ ಅವರು ನನ್ನ ಮುಖ ನೋಡಿಕೊಂಡೇ ಒಪ್ಪಿದರು. ಮೂರನೇ ದಿನ ತಿಪ್ಪಮ್ಮನ ಮಾತಿನ ಮೂಟೆ ಖಾಲಿಯಾಯಿತು. ಇನ್ನೇನು ಹೂಂ ಅನ್ನಬೇಕು, ಅಷ್ಟರಲ್ಲಿ ಅವಳು ತಲೆಯೆತ್ತಿ ಕೇಳಿದಳು:

"ಅದೆಲ್ಲ ಆಮ್ಯಾಕೆ. ನಿಮ್ಮ ಮನೆಯೋರಿಗೆ ಹಾಕೀರೇನ್ರಿ?"

ಯಜಮಾನರು ಗಲ್ಲದಿಂದ ಕೈ ತೆಗೆದರು. ನಾನು ಮನಸ್ಸಿನಲ್ಲೇ 'ಹಾಕಿದೀನಿ ಅನ್ನಿ, ನಿಮ್ಮೂರು ಹೊಳಲ್ಕೆರೆ ಇಲ್ಲಿಂದ ಎಷ್ಟು ದೂರ, ಯಾರು ಹೋಗಿ ನೋಡ್ತಾರೆ' ಎಂದು ಕೂಗುತ್ತಿದ್ದೆ. ಅವರು ಸ್ವಲ್ಪ ಹೊತ್ತು ಚಪ್ಪಲಿ ನೋಡಿಕೊಂಡಿದ್ದು, "ಇಲ್ಲ ಕಣಮ್ಮ" ಎಂದರು.

"ಯಾಕೆ?"

"ಅವ್ಳು ಒಪ್ಪಲ್ಲ."

ಜಗುಲಿಯ ಸುತ್ತ ನಿಂತಿದ್ದ ಹೆಂಗಸರೆಲ್ಲ ಸೆರಗು ಬಾಯಿಗೆ ಒತ್ತಿ ನಕ್ಕರು. ತಿಪ್ಪಮ್ಮ ನಗಲಿಲ್ಲ. "ಕರ್ಕಂಬರ್ರಿ ಇಲ್ಲಿಗೆ. ನಮ್ಮ ಕಣ್ಣೆದ್ರಿಗೆ ಅವ್ರಿಗೆ ಹಾಕ್ರಿ. ಅವ್ರ ಹಿಂದೇನೇ ನಾನು ಕೈ ಕೊಡ್ತೀನಿ, ನನ್ನ ಹಿಂದೆ ಊರು. ಇಲ್ದಿದ್ರೆ ನಿಮ್ಮ ಚೀಲ ತಗಂಡು ಹೊಂಟೋಗ್ರಿ" ಎಂದಳು.

ಅಂದೇ ಮಧ್ಯಾಹ್ನದ ಬಸ್ಸಿಗೆ ಇಬ್ಬರೂ ಹೊರಟೆವು. ಧರ್ಮಪುರದಿಂದ ಹಿರಿಯೂರು, ಅಲ್ಲಿಂದ ಚಿತ್ರದುರ್ಗ, ಅಲ್ಲಿಂದ ಹೊಳಲ್ಕೆರೆ. ದಾರಿಯುದ್ದಕ್ಕೂ ಅವರು ತಮ್ಮ ಹೆಂಡತಿಯ ಮೇಲೆ ದೂರು ಹೇಳಿದರು. ಅವರ ಬಾಯಲ್ಲಿ ದೂರು ಕೇಳಿದ್ದು ಅದೇ ಮೊದಲು. ಮದುವೆಯಾದ ಹೊಸದರಲ್ಲಿ ಒಮ್ಮೆ, ಆಕೆ ಒರಳಿನ ಮುಂದೆ ಕೂತು ರುಬ್ಬುತ್ತಿದ್ದಾಗ ಹಿಂದಿನಿಂದ ಹೋಗಿ ತೋಳು ಹಿಡಿದು ಸಿಡುಬಿನ ಸೂಜಿ ಹಾಕಲು ನೋಡಿದರಂತೆ. ಆಕೆ ಹಿಟ್ಟಿನ ಕೈಯಲ್ಲೇ ಎದ್ದು ರಾಮಗಿರಿಯ ತವರಿಗೆ ಹೋದವಳು ಒಂದು ತಿಂಗಳು ಬರಲಿಲ್ಲವಂತೆ. ಅಂದಿನಿಂದ ಇಪ್ಪತ್ತು ವರ್ಷ ಯಾವ ಸೂಜಿಗೂ ಸೈ ಅಂದಿಲ್ಲ.

"ಹೆದರಿಕೆ ಸಾರ್. ಹೆಂಗಸ್ರಿಗೆ ಸೂಜಿ ಅಂದ್ರೆ ಹೆದರಿಕೆ" ಎಂದರು. ಸಾವಿರಾರು ಹೆಂಗಸರ ತೋಳು ಕಂಡ ಮನುಷ್ಯ ಈ ಮಾತು ಹೇಳಿದ್ದು ನನಗೆ ವಿಚಿತ್ರವಾಗಿ ಕಂಡಿತು.

ಆಕೆ ಹೆದರುವ ಹೆಂಗಸಾಗಿ ಕಾಣಲಿಲ್ಲ. ನಡುಮನೆಯಲ್ಲಿ ಮುತ್ತುಗದ ಎಲೆಯ ರಾಶಿ ಹಾಕಿಕೊಂಡು, ಬಾಯಲ್ಲಿ ಕಡ್ಡಿಗಳನ್ನು ಕಚ್ಚಿಕೊಂಡು, ಊಟದ ಎಲೆ ಹಚ್ಚುತ್ತಿದ್ದರು. ವಾರದ ಮಧ್ಯೆ ಗಂಡ ಬಂದದ್ದು ಕಂಡು ಕಡ್ಡಿ ತೆಗೆದು, "ಏನು, ಸಸ್ಪೆಂಡಾ?" ಎಂದರು. ನನಗೆ ಚಾಪೆ ಹಾಕಿ "ಕುಂತ್ಕಳಪ್ಪ" ಎಂದರು.

ಯಜಮಾನರು ಎದುರಿಗೆ ಕೂತು, ಗಲ್ಲವನ್ನು ಅಂಗೈಯಲ್ಲಿಟ್ಟು, ತಲೆದೂಗಿ ಶುರು ಮಾಡಿದರು: "ನೋಡೇ, ನೀನು ಹೇಳಾದೂ ಒಂದ್ ಲೆಕ್ಕಕ್ಕೆ ಸರಿ ಐತೆ."

"ನಾನಿನ್ನೂ ಏನೂ ಹೇಳೇ ಇಲ್ಲ."

ನಾನು ಕೆಮ್ಮು ಬಂದ ಹಾಗೆ ಮಾಡಿ ಮುಖ ತಿರುಗಿಸಿದೆ.

"ಈ ತಲೆದೂಗೋ ಆಟ ನನ್ನತ್ರ ಬ್ಯಾಡ. ನಮ್ಮಪ್ಪ ಸಿಟ್ಟು ಮಾಡ್ಕಂಡಾಗ ನಾನು ಹಂಗೆ ತಲೆದೂಗ್ತಿದ್ದೆ, ನೀವು ನೋಡ್ಕಂಡು ಕಲ್ತಿದ್ದು. ಈಗ ನಂಗೇ ತಂದ್ರಾ?"

ಅಲ್ಲಿಗೆ ಯಜಮಾನರ ವಿದ್ಯೆ ಮುಗಿಯಿತು. ಆಮೇಲೆ ಅವರು ಬೇರೆಯೇ ಮನುಷ್ಯರಾದರು. ನಾಳೆ ಬೆಳಗ್ಗೆ ಬಸ್ಸಿಗೆ ಹೊರಡಬೇಕು, ಊರವರ ಮುಂದೆ ಮಾತು ಕೊಟ್ಟು ಬಂದಿದ್ದೇನೆ, ಸುಮ್ಮನೆ ಬಾ ಅಂದರೆ ಬರಬೇಕು ಎಂದು ಧ್ವನಿ ಏರಿಸಿದರು. ಕಾಗದದ ಮೇಲೆ ಮೇಲಧಿಕಾರಿಯಾದ ನನಗೂ ಅಂಥ ಧ್ವನಿ ಹೊರಡುತ್ತಿರಲಿಲ್ಲ. ಆಕೆ ಮತ್ತೊಂದು ಎಲೆಗೆ ಕಡ್ಡಿ ಚುಚ್ಚಿದರು. ಯಜಮಾನರು ಟವೆಲ್ ಕೊಡವಿ ಹಿತ್ತಿಲಿಗೆ ಹೋದರು.

ನಾನು ಒಬ್ಬನೇ ಉಳಿದೆ. ಭಾಷಣ ಮಾಡುವ ಧೈರ್ಯ ನೀರು ಸಿಗದ ಊರಿನಲ್ಲೇ ಹೋಗಿತ್ತು. ಹಳ್ಳದಾಚೆಯ ಊರಿನ ಸಂಗತಿ, ಗಾಡಿಯಲ್ಲಿ ಹೋದ ಮಗುವಿನ ಸಂಗತಿ ಇದ್ದುದನ್ನು ಇದ್ದ ಹಾಗೆ ಹೇಳಿದೆ. ಕೊನೆಗೆ, "ನೀವು ಬರ್ತೀರಾ ಅಮ್ಮ? ಇಷ್ಟ ಇಲ್ಲ ಅಂದ್ರೆ ಬೇಡ" ಎಂದೆ. ಅವರ ಜೊತೆಗಿದ್ದ ಅಷ್ಟೂ ವರ್ಷದಲ್ಲಿ ನಾನು ಕಲಿತದ್ದು ಅದೊಂದೇ ವಾಕ್ಯ.

ಆಕೆ ಕೈಯ ಎಲೆ ಕೆಳಗಿಟ್ಟು ನನ್ನನ್ನೇ ನೋಡಿದರು. "ನಿಂಗೆ ಕೇಳಾಕೆ ಬರ್ತೈತೆ" ಎಂದರು. "ಹೋಗು. ನೋಡಾಣ."

ಮರುದಿನ ನಾವಿಬ್ಬರೇ ವಾಪಸಾದೆವು. ಹಳ್ಳಿಯಲ್ಲಿ ತಿಪ್ಪಮ್ಮ ನಮ್ಮ ಹಿಂದೆ ಯಾರಾದರೂ ಇಳಿಯುತ್ತಾರೇನೋ ಎಂದು ಇಣುಕಿ ನೋಡಿ ಒಳಗೆ ಹೋದಳು. ಅಂದು ಯಜಮಾನರಿಗೂ ಮಜ್ಜಿಗೆ ಬರಲಿಲ್ಲ. ಸಂಜೆ ಶಾಲೆಯ ಮೆಟ್ಟಿಲ ಮೇಲೆ ಕೂತು, "ಇವತ್ತು ಗಾಡಿ ಯಾವ ದಡದಾಗೈತೆ ಸಾರ್?" ಎಂದು ಕೇಳಿದರು. ಅಷ್ಟು ಸೋತ ಧ್ವನಿಯನ್ನು ನಾನು ಅವರಲ್ಲಿ ಕೇಳಿರಲಿಲ್ಲ. ಆ ಮನುಷ್ಯನ ಬಳಿ ಇದ್ದದ್ದು ಜನರ ನಂಬಿಕೆಯೊಂದೇ, ಅದು ಈ ಊರಿನಲ್ಲಿ ಕೈಬಿಟ್ಟರೆ ಸುದ್ದಿ ಮುಂದಿನ ಊರಿಗೆ ಅವರಿಗಿಂತ ಮೊದಲೇ ತಲುಪುತ್ತಿತ್ತು. ಅತ್ತ ಹಳ್ಳದ ನೀರು ಹರಿಯುತ್ತಲೇ ಇತ್ತು.

ಅದರ ಮರುದಿನ ಹನ್ನೊಂದರ ಬಸ್ಸಿನಿಂದ ಆಕೆ ಇಳಿದರು. ಒಂದು ಕೈಯಲ್ಲಿ ಬುತ್ತಿ, ಇನ್ನೊಂದು ಕೈಯಲ್ಲಿ ಊಟದ ಎಲೆಯ ಕಟ್ಟು. ಗಂಡನ ಕಡೆ ತಿರುಗಿಯೂ ನೋಡದೆ ನೇರವಾಗಿ ತಿಪ್ಪಮ್ಮನ ಜಗುಲಿಗೆ ಹೋಗಿ, ಎಲೆಯ ಕಟ್ಟನ್ನು ಅವಳ ಕೈಗಿಟ್ಟು ಕೂತರು. ಹೆಂಗಸರೆಲ್ಲ ಮುತ್ತಿದರು. ಒಬ್ಬೊಬ್ಬಳೂ ತನ್ನ ಅನುಮಾನ ಹೇಳಿದಳು. ಆಕೆ ಗಲ್ಲವನ್ನು ಅಂಗೈ ಮೇಲಿಟ್ಟುಕೊಂಡು ಕೇಳಿ, ಪ್ರತಿಯೊಬ್ಬಳಿಗೂ "ನೀನು ಹೇಳಾದೂ ಒಂದ್ ಲೆಕ್ಕಕ್ಕೆ ಸರಿ ಐತೆ ಕಣವ್ವ" ಎಂದರು. ಅದೇ ರಾಗ, ಅದೇ ತಲೆದೂಗು. ಆದರೆ ಯಜಮಾನರದಕ್ಕಿಂತ ಒಂದು ತೂಕ ಮೇಲಿತ್ತು. ಅಸಲು ಸರಕು ಯಾವುದೆಂದು ನನಗೆ ಆಗ ಗೊತ್ತಾಯಿತು.

ಅಷ್ಟರಲ್ಲಿ ಯಜಮಾನರು ಒಂದು ತಪ್ಪು ಮಾಡಿದರು. ಹೆಂಡತಿಯೇ ಬಂದಳಲ್ಲ, ಇನ್ನು ಕೇಳುವುದೇನಿದೆ ಎಂದು ಸ್ಟೌವ್ ಹಚ್ಚಿ, ಸಿರಿಂಜು ಕುದಿಸಿ, ಔಷಧಿ ತುಂಬಿಕೊಂಡು ಬಂದರು. ಸ್ಪಿರಿಟ್ಟಿನ ಹತ್ತಿ ಹಿಡಿದು, ಬಂದವರೇ ಆಕೆಯ ತೋಳಿಗೆ ಕೈ ಹಾಕಿದರು.

ಆಕೆ ತೋಳು ಎಳೆದುಕೊಂಡರು.

"ನೋಡಿದ್ರೇನ್ರಿ" ಎಂದರು ಆಕೆ, ಗಂಡನಿಗಲ್ಲ, ಹೆಂಗಸರಿಗೆ. "ನಂಗೆ ಸೂಜಿ ಹೆದರಿಕೆ ಇಲ್ಲ. ಅಮ್ಮನ ಹೆದರಿಕೆನೂ ಇಲ್ಲ. ಇವ್ರು ನಿಮ್ಮನ್ನೆಲ್ಲ ಕೇಳ್ತಾರೆ. ಕಟ್ಟೆ ಮ್ಯಾಲೆ ಕುಂತು ಎತ್ತಿನ ಸುದ್ದಿ, ಬೆಳೆ ಸುದ್ದಿ ಮಾತಾಡಿ, ಹಾಕ್ಲಾ ಬ್ಯಾಡ್ವಾ ಅಂತ ಕೇಳ್ತಾರೆ. ಇಪ್ಪತ್ತು ವರ್ಷ ಆತು, ನನ್ನನ್ನ ಒಂದಿನ ಕೇಳಿಲ್ಲ. ಬಂದು ಕೈ ಹಿಡ್ಕಂತಾರೆ."

ಯಜಮಾನರು ಸಿರಿಂಜು ಮೇಲೆತ್ತಿ ಹಿಡಿದುಕೊಂಡು ಹಾಗೇ ನಿಂತಿದ್ದರು. ಊರಿನ ಗಂಡಸರಲ್ಲಿ ಕೆಲವರು, ಏನೋ ಕೆಲಸ ನೆನಪಾದವರ ಹಾಗೆ ಮೆಲ್ಲಗೆ ಹಿಂದೆ ಸರಿದರು.

"ಕೇಳ್ರಿ ಸ್ವಾಮಿ" ಎಂದಳು ತಿಪ್ಪಮ್ಮ.

"ಏನಂತ ಕೇಳ್ಲಿ?"

"ನಮ್ಮನ್ನ ಹೆಂಗ್ ಕೇಳ್ತೀರೋ ಹಂಗೆ. ಮೊದ್ಲಿಂದ."

ಅವರು ಸಿರಿಂಜನ್ನು ಬೋಗುಣಿಗೆ ವಾಪಸು ಹಾಕಿದರು. ಚಪ್ಪಲಿ ಬಿಚ್ಚಿದರು. ಜಗುಲಿಯ ಕೆಳಗೆ, ಹೆಂಡತಿಯ ಎದುರಿಗೆ ನೆಲದ ಮೇಲೆ ಕೂತು, ಚೀಲವನ್ನು ಬೆನ್ನ ಹಿಂದೆ ಇಟ್ಟುಕೊಂಡರು. ಅಷ್ಟು ಜನರ ಜೊತೆ ಅಷ್ಟು ಸುಲಭವಾಗಿ ಮಾತು ತೆಗೆಯುತ್ತಿದ್ದ ಮನುಷ್ಯ, ಗಂಟಲು ಸರಿ ಮಾಡಿಕೊಂಡು ಕೊನೆಗೆ ಕೇಳಿದರು:

"ಎಮ್ಮೆಗಳು ಹೆಂಗವೆ?"

"ಎಮ್ಮೆಗಳು ಅಲ್ಲ, ಎಮ್ಮೆ. ಇನ್ನೊಂದನ್ನ ಮಾರಿ ಎರಡು ವರ್ಷ ಆತು."

ಜನ ನಕ್ಕ ನಗೆಗೆ ಜಗುಲಿಯ ಮೇಲಿದ್ದ ಕೋಳಿ ಹಾರಿ ಹೋಯಿತು. ಯಜಮಾನರು ನಗಲಿಲ್ಲ. ಅವರ ಮುಖದಲ್ಲಿ ನಾನು ಅಂದು ಕಂಡದ್ದು ನಿಜವಾದ ನಾಚಿಕೆ. ವಾರಕ್ಕೊಮ್ಮೆ ಮನೆಗೆ ಹೋಗಿ, ಉಂಡು, ಬಟ್ಟೆ ಬದಲಿಸಿ ಬರುತ್ತಿದ್ದ ಆ ಮನುಷ್ಯನಿಗೆ ಹಿರಿಯೂರು ತಾಲ್ಲೂಕಿನ ಎಲ್ಲ ಎತ್ತುಗಳ ಕಾಲಿನ ಸಮಾಚಾರ ಗೊತ್ತಿತ್ತು.

"ನೀನು ಹೇಳಾದು ಸರಿ ಐತೆ" ಎಂದರು. ಒಂದು ಲೆಕ್ಕಕ್ಕೆ ಎನ್ನಲಿಲ್ಲ. ಅದನ್ನು ನಾನು ಗಮನಿಸಿದೆ, ಆಕೆಯೂ ಗಮನಿಸಿದರು. "ಹಾಕ್ಲಾ?"

"ಬ್ಯಾಡ ಅಂದ್ರೆ?"

"ಬ್ಯಾಡ ಅಂದ್ರೆ ಬ್ಯಾಡ. ಚೀಲ ತಗಂಡು ನಿನ್ ಜೊತೆ ಊರಿಗೆ ಬರ್ತೀನಿ."

ಆಕೆ ಸ್ವಲ್ಪ ಹೊತ್ತು ಸತಾಯಿಸಿದರು. ಆ ಸ್ವಲ್ಪ ಹೊತ್ತಿನಲ್ಲಿ ನಾನು ನನ್ನ ಕುಲದೇವರು ಬೆಟ್ಟದ ರಂಗನಾಥನಿಗೆ ಹರಕೆ ಹೊತ್ತೆ, ವಿಜ್ಞಾನದ ಹುಚ್ಚಿನವನಾಗಿ ಇದನ್ನು ಬರೆಯಲು ಸಂಕೋಚವಾಗುತ್ತದೆ. ಆಮೇಲೆ ಆಕೆ "ಹೂಂ" ಎಂದು ಬಾಯಿ ಬಿಟ್ಟು ಹೇಳಿ, ರವಿಕೆಯ ತೋಳು ಮೇಲೆ ಸರಿಸಿ ಕೈ ಚಾಚಿದರು. ಯಜಮಾನರು ಮತ್ತೆ ಸ್ಟೌವ್ ಹಚ್ಚಿ, ಹೊಸದಾಗಿ ನೀರಿಟ್ಟು, ಸಿರಿಂಜನ್ನು ಮೊದಲಿಂದ ಕುದಿಸಿದರು. ಸೂಜಿ ಹಾಕುವಾಗ ಅವರು ಎರಡು ಸಲ ಚುಚ್ಚಿದ್ದನ್ನು ನಾನೊಬ್ಬನೇ ಕಂಡೆ ಅಂದುಕೊಂಡಿದ್ದೆ.

ತಿಪ್ಪಮ್ಮ ಮಾತಿಗೆ ತಪ್ಪಲಿಲ್ಲ. ಎರಡನೆಯ ಕೈ ಅವಳದು. ಕತ್ತಲಾಗುವವರೆಗೆ ಸಾಲು ಕರಗಲಿಲ್ಲ. ಹೆಂಗಸರು ಮಾತ್ರ ಒಬ್ಬೊಬ್ಬಳೂ ಕೂತು, "ಕೇಳ್ರಿ" ಎನ್ನುತ್ತಿದ್ದರು. ಇವರು ಕೇಳಬೇಕಾಗಿತ್ತು. ಅಂದು ಸಂಜೆ ನನಗೆ ಆ ಊರಿನ ಬಾವಿಯ ನೀರು ಸಿಕ್ಕಿತು. ನಾನೇ ಹಾಕಿಸಿದ ಪೌಡರಿನಿಂದ ನಾರುತ್ತಿತ್ತು, ಆದರೂ ಎರಡು ಲೋಟ ಕುಡಿದೆ.

ಕಾಲರಾ ಹಳ್ಳ ದಾಟಲಿಲ್ಲ. ಸೂಜಿಯಿಂದ ಎಂದು ಯಜಮಾನರು, ಪೌಡರಿನಿಂದ ಎಂದು ನಾನು, ಗಾಡಿ ಕೊನೆಗೂ ಆಚೆ ದಡದಲ್ಲೇ ನಿಂತದ್ದರಿಂದ ಎಂದು ತಿಪ್ಪಮ್ಮ. ಯಜಮಾನರು ನಮ್ಮಿಬ್ಬರ ಮಾತನ್ನೂ ಒಪ್ಪಿಕೊಂಡರು.

ಆಮೇಲೆ ಅವರು ವಾರಕ್ಕೆರಡು ಸಲ ಮನೆಗೆ ಹೋಗಲು ಶುರು ಮಾಡಿದರು. ರಜಾ ಚೀಟಿಯಲ್ಲಿ ಕಾರಣ 'ಎಮ್ಮೆ' ಎಂದು ಬರೆಯುತ್ತಿದ್ದರು, ನಾನು ಸಹಿ ಹಾಕುತ್ತಿದ್ದೆ. ಎಪ್ಪತ್ತೈದರ ನಂತರ ಗಂಡಸರನ್ನು ಹಿಡಿದು ತಂದು ಕುಟುಂಬ ಯೋಜನೆಯ ಆಪರೇಷನ್ ಮಾಡಿಸಿ ಲೆಕ್ಕ ತೋರಿಸಿ ಎಂದು ಮೇಲಿನಿಂದ ಒತ್ತಡ ಬಂದಾಗ, ಅವರು ನನ್ನ ಮೇಜಿನ ಮುಂದೆ ನಿಂತು, "ಕೇಳ್ದೆ ಮಾಡೋ ಕೆಲಸ ನಂಗೆ ಬರಾಕಿಲ್ಲ ಸಾರ್. ಬರ್ತಿತ್ತು, ಮರ್ತೋಗೈತೆ" ಎಂದರು. ಉದ್ದದ ರಜೆ ಹಾಕಿದರು. ಕಾರಣ ಅದೇ. ಒಂದು ಎಮ್ಮೆಯ ಮೇಲೆ ಅಷ್ಟು ದಿನ ರಜೆ ಕೊಟ್ಟದ್ದಕ್ಕೆ ನನಗೆ ಮೆಮೊ ಬಂತು. ಅದು ನನ್ನ ಸರ್ವಿಸ್ ಪುಸ್ತಕದಲ್ಲಿ ಈಗಲೂ ಇದೆ, ಅದರ ಬಗ್ಗೆ ನನಗೆ ಹೆಮ್ಮೆಯಿದೆ.

ಕಾರ್ಡು ಬಂದ ಮೇಲೆ ಹೊಳಲ್ಕೆರೆಗೆ ಹೋಗಿದ್ದೆ. ಆಕೆ ಅದೇ ನಡುಮನೆಯಲ್ಲಿ ಕೂತಿದ್ದರು. ಎಲೆ ಹಚ್ಚುವುದನ್ನು ಬಿಟ್ಟಿದ್ದಾರೆ, ಕಣ್ಣು ಕಾಣುವುದಿಲ್ಲ. ಕೊನೆಯ ದಿನಗಳ ಸಂಗತಿಯನ್ನು ಹೇಳಿದರು. ಆಸ್ಪತ್ರೆಯಲ್ಲಿ ಯಜಮಾನರಿಗೆ ಸೂಜಿ ಹಾಕಲು ಒಂದು ಹುಡುಗಿ ಬಂದಳಂತೆ. ಪಾಪ ಅವಳಿಗೆ ಕೈ ತುಂಬ ಕೆಲಸ, ಬಂದವಳೇ ತೋಳು ಹಿಡಿದಳಂತೆ. ಮೂರು ದಿನದಿಂದ ಮಾತಾಡದಿದ್ದ ಮನುಷ್ಯ ತೋಳು ಎಳೆದುಕೊಂಡು ಹೆಂಡತಿಯ ಕಡೆ ನೋಡಿದರಂತೆ.

"ನಾನು ಆ ಹುಡುಗಿಗೆ ಹೇಳ್ದೆ, ಕೇಳವ್ವ ಮೊದ್ಲು ಅಂತ. ಅದಕ್ಕೇನು ತಿಳೀಬೇಕು, ಪಿಳಿಪಿಳಿ ನೋಡ್ತು. ಕೊನೆಗೆ ನಾನೇ ಕೇಳ್ದೆ. ಎಮ್ಮೆ ಚೆನ್ನಾಗೈತೆ, ಹಾಕ್ಲಾ ಅಂದೆ. ಹೂಂ ಅಂದ್ರು. ಅದೇ ಕೊನೇ ಮಾತು ನೋಡು." ಸೆರಗಿನಿಂದ ಕಣ್ಣೊರೆಸಿಕೊಂಡು ಸ್ವಲ್ಪ ನಕ್ಕರು. "ಅವತ್ತು 'ಹಾಕ್ಲಾ' ಅಂದ್ ಮ್ಯಾಲೆ ಸೂಜಿ ಎರಡು ಸಲ ಚುಚ್ಚಿದ್ರು, ನೋಡಿದ್ಯಾ ನೀನು? ನಾನು ಯಾರಿಗೂ ಹೇಳಿಲ್ಲ."

ಹೊರಡುವ ಮುಂಚೆ ಚಪ್ಪಲಿ ಮೆಟ್ಟಿದವನು ಮತ್ತೆ ಬಿಚ್ಚಿ, ಒಳಗೆ ಬಂದು ಅವರ ಎದುರಿಗೆ ಕೂತೆ.

"ಇದನ್ನೆಲ್ಲ ಬರೀಬೇಕು ಅಂತ ಆಸೆ ಅಮ್ಮ. ಬರೀಲಾ?"

"ಬ್ಯಾಡ ಅಂದ್ರೆ?"

"ಬ್ಯಾಡ ಅಂದ್ರೆ ಬ್ಯಾಡ."

ಅವರು ಗಲ್ಲವನ್ನು ಅಂಗೈ ಮೇಲಿಟ್ಟುಕೊಂಡು ಯೋಚಿಸಿದರು. ನಾನು ಕಾದೆ.

"ಬರಿ" ಎಂದರು. "ಹೆಸ್ರು ಮಾತ್ರ ಹಾಕ್ಬ್ಯಾಡ. ಅವ್ರನ್ನ ಕೇಳಿಲ್ಲ."